ಕಲ್ಲುನೆಲದ ಕೆಂಪು ವೈನ್: ಚಳ್ಳಕೆರೆ, ಮೊಳಕಾಲ್ಮೂರಿಗೆ ಒಗ್ಗೀತೇ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಮಳೆಯನ್ನೇ ನಂಬಿದ ಶೇಂಗಾ ಇಲ್ಲಿನ ಮುಖ್ಯ ಬೆಳೆ; ಅದು ಕೈಕೊಟ್ಟ ವರ್ಷ ರೈತನ ಪಾಡು ಹೇಳತೀರದು. ಈ ಸೀಮೆಯ ದಕ್ಷಿಣಕ್ಕೆ ನಂದಿಬೆಟ್ಟದ ತಪ್ಪಲು, ಉತ್ತರಕ್ಕೆ ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಸಾಲು. ಎರಡೂ ಕಡೆ ಕೆಂಪು ವೈನ್ ತಯಾರಾಗುತ್ತದೆ. ನಡುವಣ ನೆಲದಲ್ಲಿ ವೈನ್ ದ್ರಾಕ್ಷಿಗೆ ಅವಕಾಶವುಂಟೇ ಎಂಬ ಪ್ರಶ್ನೆ ಆದ್ದರಿಂದ ಸಹಜ.

ನಂದಿಯ ತಪ್ಪಲಿನಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆ ಫ್ರೆಂಚ್ ಮೂಲದ ತಳಿಗಳನ್ನು ನೆಟ್ಟಿತು. ಕ್ಯಾಬರ್ನೆ ಸಾವಿನ್ಯೋಂ ಮತ್ತು ಶಿರಾಜ್ ದ್ರಾಕ್ಷಿಗಳ ಮಿಶ್ರಣವಾದ ಅದರ 'ಲಾ ರಿಸರ್ವ್', ಫ್ರಾನ್ಸಿನ ತಜ್ಞ ಮಿಶೆಲ್ ರೋಲಾನ್ ಅವರ ಸಲಹೆಯಿಂದ ರೂಪುಗೊಂಡದ್ದು. ಹಂಪಿ ಬೆಟ್ಟಸಾಲಿನ ಕೃಷ್ಮಾ ತೋಟದಲ್ಲಿ ಕ್ಯಾಬರ್ನೆ ಜೊತೆಗೆ ಇಟಲಿಯ ಟಸ್ಕನಿ ಪ್ರಾಂತ್ಯದ ಸಾಂಜಿಯೋವೆಸೆ ತಳಿಯೂ ಇದೆ.

ಟಸ್ಕನಿಯ ಕರಾವಳಿಯ ಉದಾಹರಣೆ ಇಲ್ಲಿ ಪ್ರಸ್ತುತ. ಬೋಲ್ಗೆರಿ ಎಂಬಲ್ಲಿನ ಸಾನ್ ಗ್ವಿದೋ ತೋಟದಲ್ಲಿ ಮಾರಿಯೋ ಇಂಚೀಸಾ ದೆಲ್ಲಾ ರೊಕ್ಕೆತ್ತಾ ಅವರು 1940ರ ದಶಕದಲ್ಲಿ ಕ್ಯಾಬರ್ನೆ ಬಳ್ಳಿಗಳನ್ನು ನೆಟ್ಟರು. ವೈನ್‌ಗೆ ಹೆಸರೇ ಇಲ್ಲದಿದ್ದ ಊರು ಅದು. ದೀರ್ಘ ಕಾಲ ಮನೆಮಂದಿಯ ಬಳಕೆಗಷ್ಟೇ ಸೀಮಿತವಾಗಿದ್ದ ಆ ವೈನ್ 1968ರ ಫಸಲಿನಿಂದ ಮಾರುಕಟ್ಟೆ ಕಂಡಿತು. ಅದರ ಹೆಸರು ಸಸ್ಸಿಕಾಯಾ, ಅಂದರೆ ಕಲ್ಲುಗಳಿಂದ ತುಂಬಿದ ಜಾಗ. 1978ರಲ್ಲಿ ಲಂಡನ್ನಿನಲ್ಲಿ ನಡೆದ ರುಚಿಪರೀಕ್ಷೆಯಲ್ಲಿ ಇದರ 1972ರ ಫಸಲು ಅಗ್ರಸ್ಥಾನ ಗಳಿಸಿತು. ಆದರೂ ಇಟಲಿಯ ಕಾನೂನಿನ ಕಣ್ಣಿನಲ್ಲಿ ಅದು 1994ರವರೆಗೂ ಸಾಮಾನ್ಯ ಊಟದ ವೈನ್ ಆಗಿಯೇ ಉಳಿದಿತ್ತು! ಆ ವರ್ಷ ಸ್ಥಳನಾಮದ ಮಾನ್ಯತೆ ದೊರೆಯಿತು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ, ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಸಿಕ್ಕ ಭೌಗೋಳಿಕ ಸೂಚಕವೂ ಇಂಥದೇ ಏರ್ಪಾಡು.

ಕಲ್ಲಿಗೆ ಮೊಳಕಾಲ್ಮೂರಿನಲ್ಲಿ ಕೊರತೆಯಿಲ್ಲ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳೇ ಅದಕ್ಕೆ ಸಾಕ್ಷಿ. ನೀರು ಬಸಿದುಹೋಗುವ ಬಡ ಮಣ್ಣು ವೈನ್ ದ್ರಾಕ್ಷಿಗೆ ದೋಷವಲ್ಲ, ಗುಣ. ಬಳ್ಳಿಯ ಹುಚ್ಚು ಬೆಳವಣಿಗೆ ತಗ್ಗಿ, ಸಣ್ಣ ಹಣ್ಣಿನಲ್ಲಿ ಬಣ್ಣವೂ ರುಚಿಯೂ ಸಾಂದ್ರವಾಗುತ್ತವೆ.

ತೊಡಕು ಇರುವುದು ಹವಾಮಾನದಲ್ಲಿ. ಬೋಲ್ಗೆರಿಯ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಹೀಗಾಗಿ ವರ್ಷಕ್ಕೆ ಎರಡು ಬಾರಿ ಚಾಟನಿ ಅನಿವಾರ್ಯ: ಬೇಸಿಗೆಯಲ್ಲಿ ಕಡ್ಡಿಗಾಗಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ. ಚಳ್ಳಕೆರೆ ಸೀಮೆಗೆ ಬೀಳುವ ಅಲ್ಪಸ್ವಲ್ಪ ಮಳೆಯಲ್ಲಿ ಹೆಚ್ಚಿನ ಪಾಲು ಬರುವುದೂ ಇದೇ ಎರಡು ತಿಂಗಳುಗಳಲ್ಲಿ. ಎಳೆ ಚಿಗುರಿಗೆ ಬೂಜುರೋಗ ತಗಲುವ ಭಯ ಆಗಲೇ. ಆ ಹಂತ ದಾಟಿದರೆ ಡಿಸೆಂಬರ್-ಜನವರಿಯ ತಂಪು ರಾತ್ರಿಗಳು, ಫೆಬ್ರುವರಿ-ಮಾರ್ಚ್ ಕೊಯ್ಲಿನ ವೇಳೆಯ ಒಣ ಹವೆ ಹಣ್ಣಿಗೆ ಅನುಕೂಲ. ಹನಿ ನೀರಾವರಿಗೆ ಮಾತ್ರ ಕೊಳವೆಬಾವಿಯೇ ಗತಿ.

ಇದಕ್ಕಿಂತ ಗಂಭೀರವಾದುದು ಮಾರಾಟದ ಪ್ರಶ್ನೆ. ಸಣ್ಣ ಗಾತ್ರದ, ದಪ್ಪ ಸಿಪ್ಪೆಯ, ಬೀಜ ತುಂಬಿದ ವೈನ್ ದ್ರಾಕ್ಷಿಯನ್ನು ಸಂತೆಯಲ್ಲಿ ಕೇಳುವವರಿಲ್ಲ. ಶೇಂಗಾ ಹಾಗಲ್ಲ, ಬೆಲೆ ಕುಸಿದರೂ ಚಳ್ಳಕೆರೆಯ ಎಣ್ಣೆ ಗಿರಣಿಗಳಿವೆ, ಮುಂದಿನ ಹಂಗಾಮಿಗೆ ಬೆಳೆ ಬದಲಿಸಲೂಬಹುದು. ದ್ರಾಕ್ಷಿಯಾದರೋ ಚಪ್ಪರ, ಕಲ್ಲುಕಂಬ, ತಂತಿಗೆ ಹಣ ಹೂಡಿ ಒಳ್ಳೆಯ ಫಸಲಿಗೆ ಸುಮಾರು ಮೂರು ವರ್ಷ ಕಾಯಬೇಕು. ರಾಜ್ಯ ಸರ್ಕಾರದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಈ ಉದ್ಯಮಕ್ಕೆ ಉತ್ತೇಜನ ನೀಡಿದ್ದು ನಿಜ. ಆದರೆ ವೈನರಿಯೊಂದು ಲಿಖಿತ ಖರೀದಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸಣ್ಣ ಹಿಡುವಳಿದಾರ ಸಾಲ ಮಾಡಿ ಬಳ್ಳಿ ನೆಡುವುದು ಅಪಾಯಕರ.