ಬೆಳೆಯುವ ಸಂಸಾರಕ್ಕೆ ತಿರುಗುವ ಕಾರ್ ಸೀಟು

ಅಮೆರಿಕದ ಆಸ್ಪತ್ರೆಯಿಂದ ಬಾಣಂತಿ ಮಗುವಿನೊಡನೆ ಮನೆಗೆ ಹೊರಡುವ ದಿನ ದಾದಿಯರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಕಾರ್ ಸೀಟು ತಂದಿದ್ದೀರಾ? ತಾಯಿಯ ಅಥವಾ ಅಜ್ಜಿಯ ಮಡಿಲಲ್ಲಿ ಕುಳಿತು ಮನೆ ಸೇರಿದ ಪೀಳಿಗೆಯವರಾದ ನಮಗೆ ಈ ಪ್ರಶ್ನೆ ಮೊದಮೊದಲು ವಿಚಿತ್ರವೆನಿಸುತ್ತದೆ. ಆದರೆ ಇಲ್ಲಿ ಸಂಸಾರ ಹೂಡುವವರು ತೊಟ್ಟಿಲಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಅದೇ.

ಇತ್ತೀಚೆಗೆ ಎರಡನೆಯ ಹೆರಿಗೆಗೆ ಸಿದ್ಧರಾಗುತ್ತಿದ್ದ ಕನ್ನಡದ ತಾಯಿಯೊಬ್ಬರು ನನ್ನನ್ನು ಕೇಳಿದರು: "ಡಾಕ್ಟ್ರೇ, ಈಗ ಎಲ್ಲರೂ ತಿರುಗುವ ಸೀಟು ತಗೋತಿದ್ದಾರೆ. ಅದು ಮಗುವಿಗೆ ಹೆಚ್ಚು ಸುರಕ್ಷಿತವೇ?" ಅವರಿಗೆ ಮೊದಲ ಹೆರಿಗೆಯಿಂದ ಉಳಿದುಬಂದ ಸೊಂಟನೋವಿತ್ತು. ಬಾಣಂತನಕ್ಕೆ ಶಿವಮೊಗ್ಗದಿಂದ ಬರಲಿದ್ದ ಅತ್ತೆಯವರಿಗೆ ಮಂಡಿನೋವು. "ತಿರುಗುವುದು ಮಗುವಿಗಲ್ಲಮ್ಮ, ನಿಮ್ಮ ಸೊಂಟಕ್ಕೆ" ಎಂದೆ. ಆ ಉತ್ತರವನ್ನು ವಿಸ್ತರಿಸಿ ಹೇಳುವುದೇ ಈ ಲೇಖನದ ಉದ್ದೇಶ.

ತಿರುಗುವ ಸೀಟು ಎಂದರೇನು

ಮಗುವನ್ನು ಮೊದಲ ಕೆಲವು ವರ್ಷ ಕಾರಿನ ಹಿಂಭಾಗಕ್ಕೆ ಮುಖಮಾಡಿ, ಅನಂತರ ಮುಂದಕ್ಕೆ ಮುಖಮಾಡಿ ಕೂರಿಸಬಲ್ಲ ಸೀಟಿಗೆ ಕನ್ವರ್ಟಿಬಲ್ ಸೀಟು ಎಂದು ಹೆಸರು. ಈ ಲೇಖನದಲ್ಲಿ ಮೊದಲನೆಯದನ್ನು ಹಿಮ್ಮುಖ, ಎರಡನೆಯದನ್ನು ಮುಮ್ಮುಖ ಎಂದು ಕರೆಯುತ್ತೇನೆ. ಸಾಮಾನ್ಯ ಕನ್ವರ್ಟಿಬಲ್ ಸೀಟಿನ ದಿಕ್ಕನ್ನು ಬದಲಿಸಬೇಕಾದರೆ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು. ತಿರುಗುವ ಸೀಟಿನಲ್ಲಿ ತಳಭಾಗವು ಕಾರಿಗೆ ಬಿಗಿದಿರುತ್ತದೆ. ಮೇಲಿನ ಆಸನ ಮಾತ್ರ ಬಾಗಿಲಿನ ಕಡೆಗೆ ತಿರುಗುತ್ತದೆ. ಮಗುವನ್ನು ಎದುರಿಗೆ ಕಾಣುವಂತೆ ಕೂರಿಸಿ, ಪಟ್ಟಿಗಳನ್ನು ಬಿಗಿದು, ಮತ್ತೆ ಪ್ರಯಾಣದ ದಿಕ್ಕಿಗೆ ತಿರುಗಿಸಿ ಭದ್ರಪಡಿಸುವುದು ಕ್ರಮ. ಈವನ್‌ಫ್ಲೋ ರಿವಾಲ್ವ್ 360, ಗ್ರಾಕೋ ಟರ್ನ್‌ಟುಮಿ, ಸೈಬೆಕ್ಸ್ ಸಿರೋನಾ ಎಸ್, ನ್ಯೂನಾ ರೆವ್ ಮೊದಲಾದವು ಇಲ್ಲಿನ ಮಾರುಕಟ್ಟೆಯಲ್ಲಿ ಪರಿಚಿತವಾದ ಹೆಸರುಗಳು.

ಹಿಮ್ಮುಖವೇ ಏಕೆ

ನವಜಾತ ಶಿಶುವಿನ ತಲೆ ಅದರ ದೇಹದ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ. ವಯಸ್ಕರಲ್ಲಿ ಅದು ಏಳರಲ್ಲಿ ಅಥವಾ ಎಂಟರಲ್ಲಿ ಒಂದು ಭಾಗ. ಇಷ್ಟು ಭಾರವಾದ ತಲೆಯನ್ನು ಹೊತ್ತ ಕತ್ತು ಇನ್ನೂ ಎಳೆಯದು. ಅಸ್ಥಿರಜ್ಜುಗಳು ಸಡಿಲ, ಸ್ನಾಯುಗಳು ದುರ್ಬಲ. ಕತ್ತಿನ ಎರಡನೆಯ ಕಶೇರುವಿನ ತುಂಡುಗಳು ಮೃದ್ವಸ್ಥಿಯಿಂದ ಜೋಡಿಕೊಂಡಿದ್ದು, ಒಂದೇ ಗಟ್ಟಿಮೂಳೆಯಾಗಿ ಬೆಸೆದುಕೊಳ್ಳುವುದು ಮೂರರಿಂದ ಆರು ವರ್ಷದ ನಡುವೆ. ಎದುರಿನಿಂದ ಡಿಕ್ಕಿಯಾದಾಗ ಮುಮ್ಮುಖವಾಗಿ ಕುಳಿತ ಮಗುವಿನ ಮುಂಡವನ್ನು ಪಟ್ಟಿಗಳು ಹಿಡಿದುಕೊಳ್ಳುತ್ತವೆ, ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಡುತ್ತದೆ. ಆ ಎಳೆತವನ್ನೆಲ್ಲ ಕತ್ತು ಮತ್ತು ಅದರೊಳಗಿನ ಬೆನ್ನುಹುರಿ ಸಹಿಸಬೇಕು. ಹಿಮ್ಮುಖ ಸೀಟಿನಲ್ಲಿ ತಲೆ, ಕತ್ತು, ಬೆನ್ನು ಒಟ್ಟಿಗೆ ಸೀಟಿನ ಚಿಪ್ಪಿಗೆ ಒರಗುತ್ತವೆ. ಬಲವು ಇಡೀ ಬೆನ್ನಿಗೆ ಹಂಚಿಹೋಗುತ್ತದೆ.

ಈ ತತ್ತ್ವ ಹೊಸತಲ್ಲ. ಜೆಮಿನಿ ಗಗನಯಾತ್ರಿಗಳು ಬೆನ್ನಿನ ಮೇಲೆ ಒತ್ತಡವನ್ನು ತಾಳುವ ರೀತಿಯಿಂದ ಪ್ರೇರಣೆ ಪಡೆದ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1964ರಲ್ಲೇ ಹಿಮ್ಮುಖ ಶಿಶು ಆಸನದ ಮಾದರಿಯನ್ನು ರೂಪಿಸಿದ್ದರು. ಅಮೆರಿಕದಲ್ಲಿ ಕಾನೂನು ಬರಲು ಇನ್ನೂ ಕಾಲ ಬೇಕಾಯಿತು. ಟೆನೆಸಿಯ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಅವರ ಪಟ್ಟುಬಿಡದ ಪ್ರಯತ್ನದಿಂದ 1978ರಲ್ಲಿ ಆ ರಾಜ್ಯದಲ್ಲಿ ದೇಶದ ಮೊದಲ ಶಿಶು ಆಸನ ಕಾನೂನು ಜಾರಿಗೆ ಬಂದಿತು. ಅದರಲ್ಲೂ ಒಂದು ಬಿರುಕಿತ್ತು: ಮಗುವನ್ನು ದೊಡ್ಡವರು ತೋಳಿನಲ್ಲಿ ಎತ್ತಿಕೊಂಡಿದ್ದರೆ ಸೀಟು ಬೇಡ ಎಂಬ ವಿನಾಯಿತಿ. ವಿರೋಧಿಗಳು ಅದನ್ನು ಮಗುವನ್ನು ಜಜ್ಜುವ ತಿದ್ದುಪಡಿ ಎಂದು ಕರೆದರು. 1981ರಲ್ಲಿ ಅದು ರದ್ದಾಯಿತು. ಲೆಕ್ಕ ಸರಳ. ಗಂಟೆಗೆ 30 ಮೈಲಿ ವೇಗದ ಕಾರು ಡಿಕ್ಕಿಯಲ್ಲಿ ಅರ್ಧ ಮೀಟರಿನೊಳಗೆ ನಿಂತರೆ, 5 ಕಿಲೋ ತೂಕದ ಕೂಸು ಆ ಕ್ಷಣಕ್ಕೆ ಸುಮಾರು 90 ಕಿಲೋ ಭಾರದಂತೆ ಮುಂದಕ್ಕೆ ನುಗ್ಗುತ್ತದೆ. ಎಂಥ ಅಜ್ಜಿಯ ತೋಳೂ ಅದನ್ನು ಹಿಡಿದಿಡಲಾರದು.

ಎಷ್ಟು ವಯಸ್ಸಿನವರೆಗೆ ಹಿಮ್ಮುಖ ಎಂಬ ಸಲಹೆ ನನ್ನ ವೃತ್ತಿಜೀವನದಲ್ಲೇ ಬದಲಾಗಿದೆ. ನನ್ನ ಮಗಳು ಹುಟ್ಟಿದಾಗ ಒಂದು ವರ್ಷ ಮತ್ತು 20 ಪೌಂಡು ಎಂಬುದೇ ಸೂತ್ರ. ಮೊದಲ ಹುಟ್ಟುಹಬ್ಬದ ಮರುದಿನವೇ ಸಂಭ್ರಮದಿಂದ ಅವಳ ಸೀಟನ್ನು ಮುಂದಕ್ಕೆ ತಿರುಗಿಸಿದವನು ನಾನು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. 2018ರಲ್ಲಿ ವಯಸ್ಸಿನ ಗಡಿಯನ್ನೇ ಕೈಬಿಟ್ಟು, ಸೀಟಿನ ತಯಾರಕರು ಹಿಮ್ಮುಖಕ್ಕೆ ಗೊತ್ತುಪಡಿಸಿದ ತೂಕ ಅಥವಾ ಎತ್ತರದ ಮಿತಿ ಮುಟ್ಟುವವರೆಗೂ ಹಿಮ್ಮುಖವಾಗಿಯೇ ಕೂರಿಸಿ ಎಂದಿತು. ಹಿಮ್ಮುಖ ಪ್ರಯಾಣ ಐದು ಪಟ್ಟು ಸುರಕ್ಷಿತ ಎಂಬ ಮಾತನ್ನು ನೀವು ಕೇಳಿರಬಹುದು. ಅದಕ್ಕೆ ಆಧಾರವಾಗಿದ್ದ 2007ರ ಅಧ್ಯಯನವನ್ನು ಅಂಕಿಅಂಶಗಳ ದೋಷದಿಂದಾಗಿ ಮುಂದೆ ಹಿಂತೆಗೆದುಕೊಳ್ಳಲಾಯಿತು. ಆದ್ದರಿಂದ ಆ ಸಂಖ್ಯೆಯನ್ನು ನಾನು ಹೇಳುವುದಿಲ್ಲ. ಆದರೆ ಮೇಲೆ ಹೇಳಿದ ಅಂಗರಚನೆಯಾಗಲಿ, ಮಕ್ಕಳನ್ನು ನಾಲ್ಕು ವರ್ಷದ ತನಕ ಹಿಮ್ಮುಖವಾಗಿ ಕೂರಿಸುವ ಸ್ವೀಡನ್ನಿನ ದೀರ್ಘ ಅನುಭವವಾಗಲಿ ಹಿಂತೆಗೆದುಕೊಳ್ಳುವಂಥವಲ್ಲ.

"ಪಾಪ, ಕೂಸಿನ ಕಾಲು ಮುದುರಿಹೋಗಿದೆ" ಎಂದು ಹಿರಿಯರು ಮರುಗುವುದುಂಟು. ಮಕ್ಕಳ ಕೀಲುಗಳು ನಮ್ಮವುಗಳಂತಲ್ಲ. ಚಕ್ಕಳಮಕ್ಕಳ ಹಾಕಿ ಕೂರುವುದು ಅವರಿಗೆ ಸುಖವೇ. ಕಾಲು ಮುರಿದರೆ ಕೂಡಿಕೊಳ್ಳುತ್ತದೆ, ಬೆನ್ನುಹುರಿ ತುಂಡಾದರೆ ಕೂಡಿಕೊಳ್ಳುವುದಿಲ್ಲ.

ತಿರುಗುವುದರ ಲಾಭ ಮತ್ತು ಆಮಿಷ

ಹಿಮ್ಮುಖ ಸೀಟಿಗೆ ಮಗುವನ್ನು ಇಳಿಸಲು ದೊಡ್ಡವರು ಸೊಂಟ ಬಗ್ಗಿಸಿ, ಅದೇ ಭಂಗಿಯಲ್ಲಿ ಪಕ್ಕಕ್ಕೆ ಹೊರಳಿ, ಕೈ ಚಾಚಬೇಕು. ಹೊರೆ ಹಿಡಿದು ಬಗ್ಗಿ ತಿರುಗುವುದು ಸೊಂಟದ ಡಿಸ್ಕಿಗೆ ಅತ್ಯಂತ ಅಹಿತವಾದ ಚಲನೆ. ಸಿಸೇರಿಯನ್ ಆದ ತಾಯಿ, ಡಿಸ್ಕ್ ಸರಿದ ತಂದೆ, ಮಂಡಿ ಸವೆದ ಅಜ್ಜಿ, ತಗ್ಗಾದ ಸೆಡಾನ್ ಕಾರು ಇವುಗಳಲ್ಲಿ ಯಾವುದಿದ್ದರೂ ತಿರುಗುವ ಸೀಟು ನಿಜವಾದ ಉಪಕಾರ. ಪಟ್ಟಿಗಳು ಕಣ್ಣೆದುರು ಇರುವುದರಿಂದ ಬಿಗಿಯೂ ಸರಿಯಾಗಿ ಬರುತ್ತದೆ. ಎತ್ತಿ ಕೂರಿಸುವುದು ಸುಲಭವಾದರೆ ಮಗುವನ್ನು ಇನ್ನೂ ಒಂದೆರಡು ವರ್ಷ ಹಿಮ್ಮುಖವಾಗಿಯೇ ಉಳಿಸಲು ಮನಸ್ಸೂ ಬರುತ್ತದೆ. ವೈದ್ಯನಾಗಿ ನನಗೆ ಮುಖ್ಯವಾಗಿ ಕಾಣುವ ಲಾಭ ಇದು.

ಆಮಿಷವೂ ಇಲ್ಲಿಯೇ ಇದೆ. ಸಾಮಾನ್ಯ ಸೀಟನ್ನು ಮುಂದಕ್ಕೆ ತಿರುಗಿಸಬೇಕಾದರೆ ಅರ್ಧ ಗಂಟೆಯ ಶ್ರಮ. ಆ ಶ್ರಮವೇ ಒಂದು ತಡೆ. ತಿರುಗುವ ಸೀಟಿನಲ್ಲಿ ಅದು ಒಂದು ಗುಂಡಿಯ ಕೆಲಸ. ಎರಡು ವರ್ಷದ ಮಗು ರಚ್ಚೆ ಹಿಡಿದಾಗ "ಇವತ್ತೊಂದು ದಿನ" ಎಂದು ಮುಂದಕ್ಕೆ ತಿರುಗಿಸುವ ಮನೆಗಳನ್ನು ಕಂಡಿದ್ದೇನೆ. ಹಾಗೆ ತಿರುಗಿಸಿದಾಗ ಮುಮ್ಮುಖಕ್ಕೆ ಬೇಕಾದ ಮೇಲಿನ ಟೆದರ್ ಪಟ್ಟಿಯನ್ನು ಕೊಂಡಿಗೆ ಸಿಕ್ಕಿಸುವುದೂ ಮರೆತುಹೋಗಿರುವ ಸಂಭವವುಂಟು. ಮುಮ್ಮುಖವಾಗಿ ಕುಳಿತ ಮಗುವಿನ ತಲೆ ಮುಂದಿನ ಸೀಟಿಗೆ ಬಡಿಯದಂತೆ ತಡೆಯುವಲ್ಲಿ ಆ ಪಟ್ಟಿಯ ಪಾತ್ರ ದೊಡ್ಡದು. ಬಾಗಿಲ ಕಡೆಗೆ ಮುಖಮಾಡಿದ ಸ್ಥಿತಿಯಂತೂ ಕಾರು ನಿಂತಿರುವಾಗ ಮಾತ್ರ. ತಿರುಗಿಸಿದ ಮೇಲೆ ಬೀಗ ಕೂತ ಶಬ್ದ ಕೇಳಿಸಿತೇ, ಗುರುತಿನ ಬಣ್ಣ ಸರಿಯಾಗಿ ಕಾಣುತ್ತಿದೆಯೇ ಎಂದು ನೋಡಿ, ಕೈಯಿಂದ ಅಲುಗಿಸಿ, ಅನಂತರವೇ ಹೊರಡಬೇಕು.

ಕೊಳ್ಳುವ ಮುನ್ನ

ಮೊದಲನೆಯದು ಮಿತಿ. ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಸೀಟುಗಳೂ ಒಂದೇ ಒಕ್ಕೂಟ ಮಾನದಂಡಕ್ಕೆ ಬದ್ಧವಾಗಿರಬೇಕು. ಅದರ ಎದುರು ಡಿಕ್ಕಿಯ ಪರೀಕ್ಷೆ ನಡೆಯುವುದು ಗಂಟೆಗೆ 30 ಮೈಲಿ ವೇಗಕ್ಕೆ ಸಮನಾದ ಆಘಾತದಲ್ಲಿ. ಸಾಮಾನ್ಯ ಸೀಟನ್ನು ನೂರು ಡಾಲರಿನೊಳಗೂ ಕೊಳ್ಳಬಹುದು. ತಿರುಗುವವು ಸಾಮಾನ್ಯವಾಗಿ ಮುನ್ನೂರರಿಂದ ಆರುನೂರು ಡಾಲರುಗಳ ಆಸುಪಾಸು. ಹೆಚ್ಚಿನ ಬೆಲೆ ಹೆಚ್ಚಿನ ರಕ್ಷಣೆಯ ಪ್ರಮಾಣಪತ್ರವಲ್ಲ. ನೋಡಬೇಕಾದದ್ದು ಹಿಮ್ಮುಖದ ತೂಕ ಮಿತಿ 40 ಪೌಂಡೋ 50 ಪೌಂಡೋ, ಚಿಪ್ಪಿನ ಎತ್ತರ ಎಷ್ಟು ಎಂಬುದನ್ನು. ಎತ್ತರ ಮುಖ್ಯ. ಬಹಳಷ್ಟು ಸೀಟುಗಳಲ್ಲಿ ಮಗುವಿನ ನೆತ್ತಿಯ ಮೇಲೆ ಕನಿಷ್ಠ ಒಂದು ಇಂಚು ಚಿಪ್ಪು ಉಳಿದಿರಬೇಕು. ಅನೇಕ ಮಕ್ಕಳು ತೂಕದ ಮಿತಿಗಿಂತ ಮೊದಲೇ ಎತ್ತರದ ಮಿತಿಯನ್ನು ಮುಟ್ಟುತ್ತಾರೆ.

ಎರಡನೆಯದು ಸೀಟಿನ ತೂಕ. ತಿರುಗುವ ಸೀಟುಗಳು ಸುಮಾರು 30 ಪೌಂಡು ತೂಗುತ್ತವೆ. ಹಗುರವಾದ ಸಾಮಾನ್ಯ ಸೀಟು 10 ಪೌಂಡಿನಷ್ಟೇ. ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿರುವ ಲ್ಯಾಚ್ ಕೊಂಡಿಗಳಿಗೆ ಸೀಟನ್ನು ಕಟ್ಟುವವರು ಒಂದು ಲೆಕ್ಕ ತಿಳಿದಿರಬೇಕು: ಮಗು ಮತ್ತು ಸೀಟಿನ ಒಟ್ಟು ತೂಕ 65 ಪೌಂಡನ್ನು ಮೀರುವಂತಿಲ್ಲ. ಸೀಟೇ 30 ಆದರೆ ಮಗುವಿಗೆ ಉಳಿಯುವುದು 35. ಸುಮಾರು ನಾಲ್ಕು ವರ್ಷದ ಮಗುವಿನ ಸರಾಸರಿ ತೂಕ ಅದು. ಅಲ್ಲಿಂದ ಮುಂದೆ ಕೊಂಡಿಗಳನ್ನು ಬಿಟ್ಟು ಕಾರಿನ ಸೀಟ್ ಬೆಲ್ಟಿನಿಂದಲೇ ಬಿಗಿಯಬೇಕು. ಕೈಪಿಡಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದೇ ಅಂತಿಮ. ಎರಡು ಕಾರುಗಳ ನಡುವೆ ಸೀಟನ್ನು ಆಗಾಗ್ಗೆ ಬದಲಾಯಿಸುವ ಮನೆಗೆ ಈ ಭಾರ ಸರಿಹೊಂದದು.

ಮೂರನೆಯದು ನಿಮ್ಮ ಕಾರು. ನವಜಾತ ಶಿಶುವಿಗೆ ಬೇಕಾದಷ್ಟು ಒರಗಿಸಿದಾಗ ಈ ಸೀಟುಗಳು ಮುಂದಿನ ಸೀಟಿನವರೆಗೂ ಚಾಚುತ್ತವೆ. ಎತ್ತರದ ತಂದೆ ಮುಂದೆ ಕೂರಲು ಜಾಗ ಉಳಿಯುತ್ತದೆಯೇ ನೋಡಿ. ನಡುವಿನ ಸ್ಥಾನದಲ್ಲಿ ಕಟ್ಟಿದರೆ ತಿರುಗಿಸಿದ ಪ್ರಯೋಜನವೇ ಇಲ್ಲ. ಬಾಗಿಲು ಅಗಲವಾಗಿ ತೆರೆಯದ ಇಕ್ಕಟ್ಟಾದ ಗ್ಯಾರೇಜಿನಲ್ಲೂ ಅಷ್ಟೇ. ಕೆಲವು ಸೀಟುಗಳು ಪೂರ್ಣ ಸುತ್ತುತ್ತವೆ, ಕೆಲವು ಬಾಗಿಲವರೆಗೆ ಮಾತ್ರ. ಕೆಲವು ನಿರ್ದಿಷ್ಟ ಕೋನಕ್ಕೆ ಒರಗಿಸಿದಾಗಲಷ್ಟೇ ತಿರುಗುತ್ತವೆ. ಸಾಧ್ಯವಾದರೆ ಅಂಗಡಿಯಲ್ಲೇ ನಿಮ್ಮ ಕಾರಿಗೆ ಕಟ್ಟಿ ನೋಡಿ ಕೊಳ್ಳುವುದು ಲೇಸು.

ಎರಡನೆಯ ಮಗು ಬಂದಾಗ

ನಮ್ಮಲ್ಲಿ ಅಣ್ಣನ ಅಂಗಿ, ಅಕ್ಕನ ತೊಟ್ಟಿಲು ತಮ್ಮನಿಗೆ ಬರುವುದು ಸಹಜ. ಸೀಟಿಗೆ ಮಾತ್ರ ಎರಡು ಪ್ರಶ್ನೆ ಕೇಳಬೇಕು: ಅದರ ಬಾಳಿಕೆಯ ಅವಧಿ ಮುಗಿದಿದೆಯೇ, ಅದು ಅಪಘಾತ ಕಂಡಿದೆಯೇ? ಅವಧಿ ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ. ದಿನಾಂಕ ಸೀಟಿನ ಮೇಲೆಯೇ ಅಚ್ಚಾಗಿರುತ್ತದೆ. ಚರಿತ್ರೆ ತಿಳಿಯದ ಹಳೆಯ ಸೀಟನ್ನು ಯಾರು ಪ್ರೀತಿಯಿಂದ ಕೊಟ್ಟರೂ ಬೇಡ.

ಇಬ್ಬರಿಗೂ ತಿರುಗುವ ಸೀಟೇ ಬೇಕೆಂದಿಲ್ಲ. ದೊಡ್ಡ ಮಗು ತಾನೇ ಹತ್ತಿ ಕೂರಬಲ್ಲದಾದರೆ ಅದಕ್ಕೆ ಸಾಮಾನ್ಯ ಸೀಟೇ ಸಾಕು. ಹಿಂದಿನ ಸಾಲಿನಲ್ಲಿ ಮೂರು ಸೀಟು ಕೂರಬೇಕಾದರೆ ಅಗಲವಾದ ತಿರುಗುವ ಸೀಟು ತೊಡಕಾಗಬಹುದು, ಅಳತೆ ತೆಗೆದು ಕೊಳ್ಳಿ. ಅವಧಿಗೆ ಮುನ್ನ ಹುಟ್ಟಿದ ಅಥವಾ ತೀರ ಸಣ್ಣ ಕೂಸಾದರೆ ಸೀಟಿನ ಕನಿಷ್ಠ ತೂಕದ ಮಿತಿಯನ್ನೂ ನೋಡಿ, ಆಸ್ಪತ್ರೆಯಿಂದ ಹೊರಡುವ ಮುನ್ನ ವೈದ್ಯರನ್ನು ವಿಚಾರಿಸಬೇಕು. ಕುಳಿತ ಭಂಗಿಯಲ್ಲಿ ಗಲ್ಲ ಎದೆಗೆ ಒತ್ತಿದರೆ ಅಂಥ ಶಿಶುಗಳ ಉಸಿರಾಟಕ್ಕೆ ಅಡಚಣೆಯಾಗುತ್ತದೆ. ಇದೇ ಕಾರಣಕ್ಕೆ ಮನೆಯೊಳಗೆ ಕಾರ್ ಸೀಟನ್ನು ಮಲಗಿಸುವ ತೊಟ್ಟಿಲಾಗಿ ಬಳಸಬಾರದು.

ಕಟ್ಟುವ ಕ್ರಮ

ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ಶೇಕಡ 46ರಷ್ಟು ಸೀಟುಗಳು ಒಂದಲ್ಲ ಒಂದು ರೀತಿ ತಪ್ಪಾಗಿ ಬಳಕೆಯಾಗುತ್ತಿದ್ದವು. ಆದ್ದರಿಂದ ಈ ಕೆಲವನ್ನು ಮನೆಯವರೆಲ್ಲರಿಗೂ, ಊರಿಂದ ಬಂದ ಅಜ್ಜ ಅಜ್ಜಿಯರಿಗೂ ಕಲಿಸಿಕೊಡಿ. ಕಟ್ಟಿದ ಸೀಟನ್ನು ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಭುಜಪಟ್ಟಿ ಹಿಮ್ಮುಖದಲ್ಲಿ ಭುಜದ ಮಟ್ಟದಿಂದ ಅಥವಾ ಕೆಳಗಿನಿಂದ, ಮುಮ್ಮುಖದಲ್ಲಿ ಭುಜದ ಮಟ್ಟದಿಂದ ಅಥವಾ ಮೇಲಿನಿಂದ ಬರಬೇಕು. ಭುಜದ ಬಳಿ ಪಟ್ಟಿಯನ್ನು ಬೆರಳುಗಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಎದೆಯ ಕ್ಲಿಪ್ಪು ಕಂಕುಳಿನ ಮಟ್ಟದಲ್ಲಿರಬೇಕು. ಚಳಿಗಾಲದ ದಪ್ಪ ಕೋಟನ್ನು ಕಳಚಿ ಪಟ್ಟಿ ಬಿಗಿದು, ಅದರ ಮೇಲೆ ಹೊದಿಕೆ ಹೊದಿಸಿ. ಮುಂದಿನ ಏರ್‌ಬ್ಯಾಗಿನ ಎದುರು ಹಿಮ್ಮುಖ ಸೀಟನ್ನು ಎಂದಿಗೂ ಇಡಬೇಡಿ. ತರಬೇತಿ ಪಡೆದ ತಂತ್ರಜ್ಞರು ಅನೇಕ ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳಲ್ಲಿ ಸೀಟನ್ನು ಪರೀಕ್ಷಿಸಿಕೊಡುತ್ತಾರೆ, ಹೆಚ್ಚಿನ ಕಡೆ ಉಚಿತವಾಗಿ.

ಊರಿಗೆ ಹೋಗುವಾಗ

ಬೆಂಗಳೂರಿಗೆ ಹೊರಡುವವರು ತಿರುಗುವ ಸೀಟನ್ನು ಮನೆಯಲ್ಲೇ ಬಿಟ್ಟು, ವಿಮಾನದಲ್ಲಿ ಬಳಸಬಹುದೆಂಬ ಮುದ್ರೆಯುಳ್ಳ ಹಗುರ ಸೀಟೊಂದನ್ನು ಒಯ್ಯುವುದು ಉತ್ತಮ. ಇನ್ನೊಂದು ಸೂಕ್ಷ್ಮವಿದೆ. ಅಮೆರಿಕದ ಕಾರುಗಳ ಹಿಂದಿನ ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಅದು ಬಿಗಿಯಾಗಿ ನಿಲ್ಲುತ್ತದೆ. ಭಾರತದ ಹೆಚ್ಚಿನ ಕಾರುಗಳಲ್ಲಿ ಹಾಗೆ ನಿಲ್ಲುವುದಿಲ್ಲ. ಅಲ್ಲಿ ಐಸೊಫಿಕ್ಸ್ ಕೊಂಡಿಗಳಿರುವ ಕಾರು, ಇಲ್ಲವೇ ಬೆಲ್ಟನ್ನು ಹಿಡಿದಿಡುವ ಬೀಗ ಸೀಟಿನಲ್ಲೇ ಇರುವುದು ಅವಶ್ಯಕ. ಭಾರತದ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯೂ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಶಿಶು ಆಸನವನ್ನು ಕಡ್ಡಾಯಗೊಳಿಸಿ, ತಪ್ಪಿದರೆ ಸಾವಿರ ರೂಪಾಯಿ ದಂಡ ವಿಧಿಸಿದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರು ಅಮೆರಿಕದಿಂದ ಸೀಟು ತರಿಸಿಕೊಳ್ಳಬಾರದು. ಅಲ್ಲಿ ಐರೋಪ್ಯ ಮಾನದಂಡದ ಮುದ್ರೆಯುಳ್ಳವು ಮಾತ್ರ ಕಾನೂನುಬದ್ಧ. ಆ ಮಾನದಂಡಗಳಲ್ಲಿ ಹೊಸದಾದ ಆರ್129, ಕನಿಷ್ಠ 15 ತಿಂಗಳವರೆಗೆ ಹಿಮ್ಮುಖವನ್ನು ಕಡ್ಡಾಯಗೊಳಿಸುತ್ತದೆ.

ಮೊದಲು ಹೇಳಿದ ಆ ತಾಯಿ ಕೊನೆಗೆ ಒಂದೇ ತಿರುಗುವ ಸೀಟು ಕೊಂಡರು, ಹೊಸ ಕೂಸಿಗಾಗಿ, ತಾವು ಮತ್ತು ಅತ್ತೆ ದಿನವೂ ಬಳಸುವ ಕಾರಿಗೆ. ಎರಡೂವರೆ ವರ್ಷದ ದೊಡ್ಡವನು ತನ್ನ ಹಳೆಯ ಸೀಟಿನಲ್ಲಿ ಈಗಲೂ ಹಿಮ್ಮುಖವಾಗಿ, ಕಾಲು ಮಡಚಿ ಕೂರುತ್ತಾನೆ. ಕೂಸಿನ ಸೀಟು ಮುಂದಕ್ಕೆ ತಿರುಗದಂತೆ ಮಾಡುವ ಬೀಗ ಅದರಲ್ಲಿ ಇಲ್ಲವಾದ್ದರಿಂದ, ಹಿಮ್ಮುಖದ ತೂಕ ಮತ್ತು ಎತ್ತರದ ಮಿತಿಗಳನ್ನು ಕನ್ನಡದಲ್ಲಿ ಬರೆದು ಅದರ ಪಕ್ಕಕ್ಕೆ ಅಂಟಿಸಿದ್ದಾರೆ. ಅತ್ತೆಯವರೂ ಓದಲಿ ಎಂದು.