ಭರತಪುರದ ಜೌಗುನೆಲ ಮತ್ತು ಅದರ ಬೇಸಿಗೆ

ಭರತಪುರವೆಂದೊಡನೆ ಇತಿಹಾಸವನ್ನೋದಿದವರ ಮನಸ್ಸಿಗೆ ಬರುವುದು ಅಲ್ಲಿನ ಮಣ್ಣಿನ ಕೋಟೆ. ೧೮೦೫ರ ಆದಿಯಲ್ಲಿ ಜನರಲ್ ಲೇಕನು ಆ ಕೋಟೆಗೆ ನಾಲ್ಕು ಸಲ ಲಗ್ಗೆ ಹತ್ತಿಸಿ ನಾಲ್ಕು ಸಲವೂ ಸೋತು ಹಿಮ್ಮೆಟ್ಟಿದನು. ಫಿರಂಗಿಯ ಗುಂಡುಗಳು ದಪ್ಪನಾದ ಮಣ್ಣಿನ ಗೋಡೆಯಲ್ಲಿ ಹೂತುಹೋಗುತ್ತಿದ್ದುವು. ಗೋಡೆಯ ಮುಂದಿನ ಅಗಳಿನಲ್ಲಿ ನೀರು ತುಂಬಿತ್ತು. ಇಪ್ಪತ್ತು ವರ್ಷಗಳ ತರುವಾಯ, ೧೮೨೫ರ ಡಿಸೆಂಬರಿನಲ್ಲಿ, ಲಾರ್ಡ್ ಕೊಂಬರ್‌ಮಿಯರನು ದೊಡ್ಡ ದಂಡಿನೊಡನೆ ಬಂದಾಗ ಮೊದಲು ಹಿಡಿದುದು ಕೋಟೆಯ ಬಾಗಿಲನ್ನಲ್ಲ, ಅಗಳಿಗೆ ನೀರು ಬಿಡುವ ಕೆರೆಯ ಏರಿಯನ್ನು. ಅಗಳು ತುಂಬದೆ ಉಳಿಯಿತು. ೧೮೨೬ರ ಜನವರಿಯಲ್ಲಿ ಕೋಟೆಯೂ ಬಿತ್ತು. ಚರಿತ್ರಕಾರರು ಫಿರಂಗಿಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ತೂಬುಗಳನ್ನು ಎಣಿಸಿಲ್ಲವೆಂದು ಒಮ್ಮೊಮ್ಮೆ ತೋರುವುದು.

ಈ ವೃತ್ತಾಂತವನ್ನು ಮೊದಲಿಗೇ ಹೇಳಿದುದಕ್ಕೆ ಕಾರಣವುಂಟು. ನಾವು ಹೇಳಹೊರಟಿರುವುದು ಕೋಟೆಯ ಕಥೆಯಲ್ಲ. ಅದೇ ಊರಿನ ಅಂಚಿನಲ್ಲಿರುವ ಕೇವಲಾದೇವ ಘನಾ ಎಂಬ ಜೌಗುನೆಲದ ಕಥೆ. ಆದರೆ ಎರಡರಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ನೀರಿನ ಬಾಗಿಲು ಯಾರ ಕೈಯಲ್ಲಿದೆ?

ಭರತಪುರದ ನೆಲವು ಬೋಗುಣಿಯಂತೆ ತಗ್ಗಾದುದು. ಗಂಭೀರಿ, ಬಾಣಗಂಗಾ ಎಂಬ ಎರಡು ಹೊಳೆಗಳು ಮಳೆಗಾಲದಲ್ಲಿ ಉಕ್ಕಿ ಆ ತಗ್ಗಿನಲ್ಲಿ ಹರಡುತ್ತಿದ್ದುವು. ೧೭೬೩ರಲ್ಲಿ ಮಡಿದ ಪ್ರಸಿದ್ಧ ಜಾಟ ದೊರೆ ಸೂರಜಮಲ್ಲನ ಕಾಲದಲ್ಲಿ ಈ ನೀರನ್ನು ತಡೆದು ಊರನ್ನು ಕಾಪಾಡಲು ಅಜಾನ್ ಬಾಂದ್ ಎಂಬ ಏರಿಯನ್ನು ಕಟ್ಟಿದರೆಂದು ಹೇಳುವರು. ಏರಿಯ ಹಿಂದೆ ನಿಂತ ನೀರನ್ನು ತಗ್ಗಿಗೆ ಬಿಟ್ಟುದರಿಂದ ಜೌಗು ಹುಟ್ಟಿತು. ಅದರ ನಡುವೆ ಒಂದು ಶಿವಾಲಯವಿದೆ; ಅದರ ದೇವರೇ ಕೇವಲಾದೇವ. ಸುತ್ತಲಿನ ದಟ್ಟವಾದ ಕಾಡಿಗೆ ಘನಾ ಎಂಬ ಹೆಸರು ಬಂದಿತು. ಎಲ್ಲವೂ ಸೇರಿ ಇಪ್ಪತ್ತೊಂಬತ್ತು ಚದರ ಕಿಲೋಮೀಟರು; ದೊಡ್ಡ ಕಾಡೇನೂ ಅಲ್ಲ. ಮನುಷ್ಯನ ಕಟ್ಟೆಯಿಂದ ಹಕ್ಕಿಗಳಿಗೆ ನೆಲೆಯಾದುದು ನಮ್ಮ ನಾಡಿಗೂ ಹೊಸತಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ನಡುಗಡ್ಡೆಗಳು ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜರು ಕಾವೇರಿಗೆ ಕಟ್ಟಿಸಿದ ಕಟ್ಟೆಯಿಂದ ಆದುವೆಂಬುದನ್ನು ವಾಚಕರು ಬಲ್ಲರು. ಆದರೆ ಕಾವೇರಿಯು ತಾನಾಗಿ ಹರಿದು ಬರುವುದು. ಘನಾಕ್ಕೆ ವರ್ಷ ವರ್ಷವೂ ಯಾರಾದರೊಬ್ಬರು ತೂಬನ್ನೆತ್ತಿ ನೀರು ಬಿಡಬೇಕು.

ಈ ಭೇದವು ತಿಳಿಯಬೇಕಾದರೆ ಬೇಸಿಗೆಯಲ್ಲಿ ಹೋಗಬೇಕು. ಯಾತ್ರಿಕರಲ್ಲಿ ಬಹುಮಂದಿ ಬರುವುದು ಚಳಿಗಾಲದಲ್ಲಿ. ಆಗ ಉತ್ತರದೇಶಗಳಿಂದ ಬಂದ ಬಾತುಗಳೂ ಹೆಬ್ಬಾತುಗಳೂ ನೀರನ್ನು ಮುಚ್ಚಿಬಿಡುವುವು. ಏಪ್ರಿಲಿನ ಹೊತ್ತಿಗೆ ಅವೆಲ್ಲ ಹೊರಟುಹೋಗುವುವು. ಮೇ ತಿಂಗಳಲ್ಲಿ ಬಿಸಿಲು ನಾಲ್ವತ್ತೈದು ಡಿಗ್ರಿಯನ್ನು ದಾಟುವುದುಂಟು. ಲೂ ಎಂಬ ಬಿಸಿಗಾಳಿ ಹೊಡೆಯುವುದು. ಹರವಾದ ನೀರು ಹಿಂಜರಿದು ಹಿಂಜರಿದು ಕೆಲವು ಹೊಂಡಗಳಾಗಿ ಉಳಿಯುವುದು. ಮಿಕ್ಕ ನೆಲ ಬಿರುಕುಬಿಟ್ಟ ಕೆಸರು. ನೋಡಿದವರು ಜೌಗು ಸತ್ತಿತೆಂದುಕೊಳ್ಳುವರು. ಆದರೆ ನಿಂತು ನೋಡಿದರೆ ಬೇರೆಯೇ ತೋರುವುದು. ಒಂದೊಂದು ಹೊಂಡದಲ್ಲಿಯೂ ಇಡೀ ಜೌಗಿನ ಮೀನು ಕೂಡಿಕೊಂಡಿರುವುದರಿಂದ ಅದರ ಅಂಚಿನಲ್ಲಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಹದ್ದುಗಳ ಸಂತೆಯೇ ನೆರೆದಿರುವುದು. ಮಳೆಗಾಲದಲ್ಲಿ ಜೋಡಿಜೋಡಿಯಾಗಿ ದೂರ ದೂರ ಹಂಚಿಹೋಗಿದ್ದ ಸಾರಸಗಳು ಈಗ ಗುಂಪುಗೂಡಿ ಇದ್ದ ನೀರಿಗೆ ಬರುವುವು. ಆಳೆತ್ತರದ ಆ ಹಕ್ಕಿಗಳು ಬೆಳಗಿನ ಹೊತ್ತು ಕೊರಳೆತ್ತಿ ಒಟ್ಟಾಗಿ ಕೂಗಿದರೆ ಬಹುದೂರ ಕೇಳಿಸುವುದು. ಆಮೆಗಳು ಕೆಸರಿನೊಳಗೆ ಹೂತುಕೊಂಡು ಮಳೆಯನ್ನು ಕಾಯುವುವು. ನೀಲಗಾಯಿ, ಕಡವೆ, ಜಿಂಕೆ, ಕಾಡುಹಂದಿಗಳು ಬಾಯಾರಿ ಹಗಲಿನಲ್ಲಿಯೇ ಹೊಂಡಗಳಿಗೆ ಇಳಿಯುವುವು.

ಹೆಬ್ಬಾವಿನ ವಿಷಯವನ್ನು ಇಲ್ಲಿ ಹೇಳದೆ ಬಿಡಲಾಗದು. ಘನಾದ ಎತ್ತರದ ನೆಲದಲ್ಲಿ ಮುಳ್ಳುಹಂದಿಗಳು ತೋಡಿದ ಬಿಲಗಳಿವೆ. ಅವುಗಳಲ್ಲಿ ಹೆಬ್ಬಾವುಗಳು ಮನೆಯೊಡೆಯನೊಡನೆಯೇ ಬಾಡಿಗೆದಾರರಂತೆ ವಾಸಿಸುವುವು. ಚಳಿಗಾಲದಲ್ಲಿ ಅವು ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತ ಮಲಗಿರುವುದನ್ನು ಯಾತ್ರಿಕರು ನೋಡಿ ಹೋಗುವರು. ಆದರೆ ಅವುಗಳ ಸಂಸಾರ ನಡೆಯುವುದು ಬೇಸಿಗೆಯಲ್ಲಿ. ಹೆಣ್ಣು ಹಾವು ಬಿಲದೊಳಗೆ ಮೊಟ್ಟೆಯಿಟ್ಟು, ಅವುಗಳ ಸುತ್ತ ಸುರುಳಿಸುತ್ತಿಕೊಂಡು, ಆಹಾರವನ್ನು ಬಿಟ್ಟು, ಮರಿಯಾಗುವವರೆಗೂ ಕಾದಿರುವುದು. ಮಳೆ ಬೀಳುವ ಹೊತ್ತಿಗೆ ಮರಿಗಳು ಹೊರಬರುವುವು.

ಜೂನ್ ತಿಂಗಳಲ್ಲಿ, ಮಳೆಗಿಂತ ತುಸು ಮೊದಲು, ಕರಿಬಿಳಿ ಬಣ್ಣದ ಚಾತಕವು ಬರುವುದು. ನಮ್ಮ ಕವಿಗಳು ಮೋಡದ ಹನಿಯನ್ನಲ್ಲದೆ ಬೇರೆ ನೀರನ್ನು ಮುಟ್ಟದೆಂದು ಹೊಗಳಿದ ಹಕ್ಕಿ ಇದೇ. ಅದಾದ ಮೇಲೆ ತೂಬು ತೆರೆದು ನೀರು ಬಂದರೆ, ಆ ನೀರಿನೊಡನೆ ಲೆಕ್ಕವಿಲ್ಲದಷ್ಟು ಮೀನುಮರಿಗಳು ಬರುವುವು. ಅವನ್ನು ನಂಬಿಕೊಂಡು ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕಿನ ಹಕ್ಕಿ, ಹಾವಕ್ಕಿ ಮೊದಲಾದುವು ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಸಾವಿರಗಟ್ಟಲೆ ಗೂಡು ಕಟ್ಟುವುವು. ನೀರು ಬಾರದಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಗೂಡಿಲ್ಲ. ಹೀಗೆ ಇಡೀ ವರ್ಷದ ಜಾತಕವು ಬೇಸಿಗೆಯ ಕೊನೆಯ ಕೆಲವು ವಾರಗಳಲ್ಲಿ ಬರೆಯಲ್ಪಡುವುದು.

ಆದರೆ ಘನಾದ ಲಿಖಿತ ಚರಿತ್ರೆಯೆಲ್ಲ ಚಳಿಗಾಲದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೋರ್ವಿಯ ರಾಜಕುಮಾರ ಹರಭಾಮಜಿಯು ಇಂಗ್ಲೆಂಡಿನ ಬಾತುಬೇಟೆಯ ಮಾದರಿಯನ್ನು ನೋಡಿ ಬಂದು, ಕಾಲುವೆ, ಒಡ್ಡು, ತೂಬುಗಳನ್ನು ಹೊಸದಾಗಿ ಏರ್ಪಡಿಸಿ, ಈ ಜೌಗನ್ನು ಬೇಟೆಯ ನೆಲವಾಗಿ ಮಾಡಿದನು. ೧೯೦೨ರಲ್ಲಿ ಲಾರ್ಡ್ ಕರ್ಜನನ ಗೌರವಾರ್ಥವಾಗಿ ಮೊದಲ ದೊಡ್ಡ ಬೇಟೆ ನಡೆಯಿತು. ಅಂದಿನಿಂದ ವೈಸರಾಯರೂ ರಾಜರೂ ಬರುತ್ತಲೇ ಇದ್ದರು. ಪ್ರತಿಯೊಂದು ಬೇಟೆಯ ತಾರೀಖು, ಬಂದೂಕುಗಳ ಸಂಖ್ಯೆ, ಬಿದ್ದ ಹಕ್ಕಿಗಳ ಸಂಖ್ಯೆಗಳನ್ನು ಕೇವಲಾದೇವನ ಗುಡಿಯ ಸಮೀಪದ ಶಿಲಾಫಲಕಗಳಲ್ಲಿ ಕೆತ್ತಿಸಿದರು. ಅವು ಇಂದಿಗೂ ನಿಂತಿವೆ. ೧೯೩೮ರ ನವೆಂಬರ್ ೧೨ರಂದು ಲಾರ್ಡ್ ಲಿನ್‌ಲಿತ್‌ಗೋವಿನ ತಂಡವು ಒಂದೇ ದಿನದಲ್ಲಿ ೪,೨೭೩ ಹಕ್ಕಿಗಳನ್ನು ಹೊಡೆಯಿತು. ನಮ್ಮ ದಾನಶಾಸನಗಳ ಕೊನೆಯಲ್ಲಿ ಧರ್ಮವನ್ನು ಕೆಡಿಸಿದವನಿಗೆ ಶಾಪವನ್ನು ಬರೆಯುವ ವಾಡಿಕೆಯುಂಟು. ಈ ಶಾಸನಗಳಲ್ಲಿ ಸಂಖ್ಯೆಗಳ ಹೊರತು ಮತ್ತೇನೂ ಇಲ್ಲ.

ಹೀಗಿದ್ದರೂ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಬೇಟೆಯ ಆಸೆ ಇಲ್ಲದಿದ್ದರೆ ಅರಸರು ತೂಬುಗಳನ್ನು ಕಾಯುತ್ತಿರಲಿಲ್ಲ. ಜೌಗು ಎಂದೋ ಗೋಧಿಯ ಹೊಲವಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಅಪಾಯವು ಬಂದೇಬಂದಿತು. ನೀರನ್ನು ಬಸಿದು ನೆಲವನ್ನು ಉಳಲು ಕೊಡಬೇಕೆಂದು ಸುತ್ತಲ ಜನರು ಬೇಡಿದರು. ಹಸಿದ ದೇಶದಲ್ಲಿ ಅದು ಅನ್ಯಾಯದ ಬೇಡಿಕೆಯೆಂದು ಯಾರೂ ಹೇಳಲಾರರು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಪ್ರಧಾನಮಂತ್ರಿ ನೆಹರೂ ಅವರವರೆಗೆ ಹೋಗಿ ಇದನ್ನು ತಪ್ಪಿಸಿದರು. ೧೯೪೦ರಲ್ಲಿ ಮೈಸೂರು ಸಂಸ್ಥಾನಕ್ಕೆ ಹೇಳಿ ರಂಗನತಿಟ್ಟನ್ನು ಪಕ್ಷಿಧಾಮವಾಗಿ ಮಾಡಿಸಿದವರೂ ಅವರೇ. ೧೯೫೬ರಲ್ಲಿ ಘನಾ ಪಕ್ಷಿಧಾಮವಾಯಿತು. ಆದರೂ ಬೇಟೆ ಕೂಡಲೆ ನಿಲ್ಲಲಿಲ್ಲ. ಕೊನೆಯ ದೊಡ್ಡ ಬೇಟೆ ನಡೆದುದು ೧೯೬೪ರಲ್ಲಿ. ರಾಜವಂಶದ ಬೇಟೆಯ ಹಕ್ಕು ೧೯೭೨ರವರೆಗೂ ಉಳಿದಿತ್ತು. ೧೯೮೧ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಭಾರತದಿಂದ ಮೊದಲು ಸೇರಿದ ಎರಡು ಜೌಗುಗಳಲ್ಲಿ ಇದೊಂದು, ಚಿಲಿಕಾ ಇನ್ನೊಂದು. ೧೯೮೨ರಲ್ಲಿ ರಾಷ್ಟ್ರೀಯ ಉದ್ಯಾನ, ೧೯೮೫ರಲ್ಲಿ ವಿಶ್ವಪರಂಪರೆಯ ತಾಣ. ಬಿರುದುಗಳು ಒಂದಾದ ಮೇಲೊಂದು ಬಂದುವು.

ಬಿರುದುಗಳ ನಡುವೆ ನಡೆದ ಒಂದು ಘಟನೆಯನ್ನು ಫಲಕಗಳಲ್ಲಿ ಕೆತ್ತಿಲ್ಲ. ಅರಸರ ಕಾಲದಿಂದಲೂ ಸುತ್ತಲ ಹಳ್ಳಿಗಳ ಎಮ್ಮೆ ದನಗಳು ಘನಾದಲ್ಲಿ ಮೇಯುತ್ತಿದ್ದುವು. ಬೇಸಿಗೆಯಲ್ಲಿ ಹೊಲಗಳೆಲ್ಲ ಒಣಗಿದಾಗ ಹಸುರು ಸಿಕ್ಕುತ್ತಿದ್ದುದು ಅಲ್ಲಿಯೇ. ಹಳ್ಳಿಯವರು ಸೌದೆಯನ್ನೂ, ಲಾವಂಚದ ಬೇರನ್ನೂ ಅಲ್ಲಿಂದಲೇ ತರುತ್ತಿದ್ದರು. ದನಗಳನ್ನು ತಡೆಯಲು ಸುತ್ತಲೂ ಮೂವತ್ತೆರಡು ಕಿಲೋಮೀಟರು ಉದ್ದದ ಕಲ್ಲಿನ ಗೋಡೆಯನ್ನು ಕಟ್ಟಿದರು. ೧೯೮೨ರ ನವೆಂಬರಿನಲ್ಲಿ ಮೇವನ್ನು ಪೂರ್ಣವಾಗಿ ನಿಷೇಧಿಸಿದರು. ಜನರು ದನಗಳೊಡನೆ ಬಂದು ಎದುರಿಸಿದರು. ಪೋಲೀಸರು ಗುಂಡು ಹಾರಿಸಿದರು. ಹಲವರು ಹಳ್ಳಿಗರು ಸತ್ತರು. ಬಾತುಗಳಿಗಾಗಿ ಬಂದೂಕು ನಿಂತು ಹತ್ತು ವರ್ಷಗಳಾಗಿದ್ದುವು.

ಆಮೇಲೆ ಆದುದು ಯಾರೂ ನಿರೀಕ್ಷಿಸದ ಸಂಗತಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿದ್ವಾಂಸರು ೧೯೮೦ರಿಂದ ಹತ್ತು ವರ್ಷಗಳ ಕಾಲ ಅಲ್ಲಿಯೇ ಇದ್ದು ಜೌಗನ್ನು ಪರೀಕ್ಷಿಸುತ್ತಿದ್ದರು. ದನಗಳು ಹೋದ ಮೇಲೆ ಪಾಸ್ಪಾಲಮ್ ಎಂಬ ನೀರುಹುಲ್ಲು ತಡೆಯಿಲ್ಲದೆ ಬೆಳೆದು ನೀರಿನ ಮೇಲೆ ಚಾಪೆಯಂತೆ ಹಬ್ಬಿತು. ಅದರ ಕೆಳಗೆ ಮೀನು ಕಡಿಮೆಯಾಯಿತು; ತೆರೆದ ನೀರನ್ನು ಬೇಡುವ ಹಕ್ಕಿಗಳಿಗೆ ಜಾಗ ಕುಗ್ಗಿತು. ಶತ್ರುವೆಂದು ಗೋಡೆಯಾಚೆಗೆ ಅಟ್ಟಿದ ಎಮ್ಮೆಯೇ ಇಷ್ಟುದಿನ ಜೌಗಿನ ತೋಟಗಾರನಾಗಿತ್ತೆಂದು ಅವರು ಕಂಡುಕೊಂಡರು. ನಿಷೇಧವನ್ನು ಬಯಸಿದ್ದವರೂ ಪಕ್ಷಿಪ್ರೇಮಿಗಳೇ, ಅದರ ದೋಷವನ್ನು ಎತ್ತಿ ತೋರಿಸಿದವರೂ ಪಕ್ಷಿಪ್ರೇಮಿಗಳೇ. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದುದನ್ನು ಬರೆದು ಪ್ರಕಟಿಸುವ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಸತ್ತವರ ಮನೆಗಳಿಗೆ ಅದರಿಂದ ಬಂದ ಸಮಾಧಾನವೆಷ್ಟು?

ಸೈಬೀರಿಯದ ಬಿಳಿಯ ಕ್ರೌಂಚದ ಮಾತೂ ಇದಕ್ಕೆ ತಗುಲಿಕೊಂಡಿದೆ. ಸಾವಿರಾರು ಮೈಲಿ ಹಾರಿ ಪ್ರತಿ ಚಳಿಗಾಲದಲ್ಲಿಯೂ ಘನಾಕ್ಕೆ ಬರುತ್ತಿದ್ದ ಈ ಹಕ್ಕಿ ಆಳವಿಲ್ಲದ ನೀರಿನಲ್ಲಿ ಕೊಕ್ಕಿಳಿಸಿ ಜೇಕಿನ ಗಡ್ಡೆಗಳನ್ನು ಅಗೆದು ತಿನ್ನುತ್ತಿತ್ತು. ೧೯೬೪–೬೫ರಲ್ಲಿ ಸುಮಾರು ಇನ್ನೂರು ಇದ್ದುವು. ೨೦೦೧–೦೨ರ ಚಳಿಗಾಲದಲ್ಲಿ ಒಂದು ಜೋಡಿ. ಆ ಬಳಿಕ ಒಂದೂ ಇಲ್ಲ. ದಾರಿಯ ದೇಶಗಳಲ್ಲಿ ನಡೆದ ಬೇಟೆಯೇ ಮುಖ್ಯ ಕಾರಣವೆಂದು ತಿಳಿದವರ ಮತ. ಗೋಡೆಯ ಮಗ್ಗುಲಿನ ಅಘಾಪುರದ ಜನರು ಮತ್ತೊಂದು ಕಾರಣವನ್ನೂ ಹೇಳುತ್ತಿದ್ದರು: ತಾವು ಲಾವಂಚದ ಬೇರಿಗಾಗಿ ನೆಲವನ್ನು ಅಗೆದು ಸಡಿಲಿಸುತ್ತಿದ್ದಾಗ ಕ್ರೌಂಚಕ್ಕೆ ಗಡ್ಡೆ ಸುಲಭವಾಗಿ ಸಿಕ್ಕುತ್ತಿತ್ತು, ಅಗೆಯುವುದು ನಿಂತ ಮೇಲೆ ನೆಲ ಗಟ್ಟಿಯಾಯಿತು ಎಂದು. ಇದನ್ನು ಅಜ್ಞಾನಿಗಳ ಮಾತೆಂದು ತಳ್ಳಿಹಾಕದೆ ಕೇಳಿ ಬರೆದಿಟ್ಟ ವಿಜ್ಞಾನಿಗಳೂ ಇದ್ದರು.

ಇನ್ನು ನೀರಿನ ಜಗಳ. ಗಂಭೀರಿಗೆ ಮೇಲ್ಗಡೆ ಕರೌಲಿಯಲ್ಲಿ ಪಾಂಚನಾ ಅಣೆಕಟ್ಟನ್ನು ಕಟ್ಟಿದ ಬಳಿಕ ಅಜಾನ್ ಬಾಂದಿಗೆ ಬರುವ ನೀರು ಕುಗ್ಗಿತು. ೨೦೦೪ರಲ್ಲಿ ಮಳೆ ಕಡಿಮೆಯಾದಾಗ ಅಣೆಕಟ್ಟಿನ ಸುತ್ತಲ ರೈತರು, ತಮ್ಮ ಹೊಲಗಳು ಒಣಗಿರುವಾಗ ಹಕ್ಕಿಗಳಿಗೆ ನೀರೇತಕ್ಕೆಂದು ತಡೆದರು; ಸರಕಾರ ಅವರ ಮಾತನ್ನು ಮನ್ನಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ಘನಾದ ಬೇಸಿಗೆಯು ಮಳೆಗಾಲವನ್ನೂ ನುಂಗಿತು. ಗೂಡುಗಳು ಬಹಳ ಕಡಿಮೆಯಾದುವು. ಒಣನೆಲದಲ್ಲಿ ಬಳ್ಳಾರಿ ಜಾಲಿ ಹಬ್ಬಿತು. ಅದನ್ನು ಕಡಿದು ಸೌದೆಗಾಗಿ ಒಯ್ಯಲು ಗೋಡೆಯಾಚೆಯ ಹಳ್ಳಿಯವರನ್ನೇ ಕರೆದರೆಂಬುದು ಗಮನಿಸತಕ್ಕ ಸಂಗತಿ. ೨೦೧೨ರಲ್ಲಿ ಗೋವರ್ಧನ ಕಾಲುವೆಯಿಂದ ಕೊಳವೆಯ ಮೂಲಕ ನೀರು ತರುವ ಏರ್ಪಾಡಾಯಿತು. ಚಂಬಲಿನ ನೀರೂ ಸ್ವಲ್ಪ ಬರುವುದು. ಆದರೆ ಕೊಳವೆಯ ನೀರು ಏರಿಯ ನೀರಿಗೆ ಸಮನಲ್ಲ. ಹೊಳೆಯ ಪ್ರವಾಹವು ಹೊತ್ತು ತರುವಷ್ಟು ಮೀನುಮರಿಗಳನ್ನು ಅದು ತರಲಾರದು.

ಬೇಸಿಗೆಯಲ್ಲಿ ಘನಾವನ್ನು ನೋಡುವವರಿಗೆ ಬೆಳಗಿನ ಹೊತ್ತೇ ಅನುಕೂಲ. ಬಾಗಿಲಲ್ಲಿ ಸೈಕಲ್ ರಿಕ್ಷಾಗಳೂ ಬಾಡಿಗೆಯ ಸೈಕಲುಗಳೂ ಸಿಕ್ಕುವುವು. ಒಡ್ಡುಗಳ ಮೇಲೆ ಕಾಲ್ನಡೆಯಾಗಿ ಹೋದರೆ ಇನ್ನೂ ಒಳ್ಳೆಯದು. ದೋಣಿಯ ವಿಹಾರಕ್ಕೆ ನೀರು ಬೇಕಾದುದರಿಂದ ಈ ಕಾಲದಲ್ಲಿ ಅದನ್ನು ನಿರೀಕ್ಷಿಸಬಾರದು. ರಿಕ್ಷಾ ತುಳಿಯುವವರು ಹಕ್ಕಿಗಳನ್ನು ಹೆಸರಿನಿಂದಲೂ ದನಿಯಿಂದಲೂ ಬಲ್ಲವರು. ಅರಸರ ಕಾಲದ ಸೋಬೇಟೆಯಾಳುಗಳು ಹಕ್ಕಿಗಳನ್ನು ಎಬ್ಬಿಸುತ್ತಿದ್ದರು, ಇವರು ಹಕ್ಕಿ ಏಳದಂತೆ ಸದ್ದಿಲ್ಲದೆ ನಿಲ್ಲಿಸಿ ಬೆರಳು ತೋರುವರು. ಚಳಿಗಾಲದ ಜನಸಂದಣಿ ಹೋದ ಮೇಲೆ ಇವರಿಗೆ ಬಿಡುವು ಹೆಚ್ಚು, ಗಳಿಕೆ ಕಡಿಮೆ. ಗುಡಿಯ ಬಳಿ ಮರದ ನೆರಳಿನಲ್ಲಿ ರಿಕ್ಷಾ ನಿಲ್ಲಿಸಿ ಬೇಟೆಯ ಫಲಕಗಳ ಪಕ್ಕದಲ್ಲಿ ಕುಳಿತು ವಿಶ್ರಮಿಸಿಕೊಳ್ಳುವಾಗ ಅವರಲ್ಲಿ ಬರುವ ಮಾತು ಹಕ್ಕಿಯದಲ್ಲ. ಈ ವರ್ಷ ಎಷ್ಟು ನೀರು ಬಿಡುವರು, ಎಂದಿಗೆ ಬಿಡುವರು ಎಂಬುದೇ.