ಫಿಯೆಟ್ ಕಾಲದ ಮಿಸ್ತ್ರಿ

ಗೋರೆಗಾಂವಿನ ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ ಓಡಾಡಿದ ನಮ್ಮ ಹಿರಿಯರಿಗೆ ಫಿಯೆಟ್ ಕಾರಿನ ನೆನಪು ಮಾಸಿರಲಾರದು. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಇದನ್ನು ನಮ್ಮ ಕುರ್ಲಾದಲ್ಲೇ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಇದಕ್ಕೆ ‘ಪದ್ಮಿನಿ’ ಎಂಬ ಹೆಸರು ಬಂತು.

ಆಗ ಹೊಸ ಕಾರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಇದ್ದುದನ್ನೇ ಬಾಳಿಸಬೇಕು, ಬಾಳಿಸಿಕೊಡುವವನು ಗ್ಯಾರೇಜಿನ ಮಿಸ್ತ್ರಿ. ಕಾರ್ಬ್ಯುರೇಟರ್ ಶುಚಿಮಾಡುವುದು, ಪಾಯಿಂಟಿನ ಗ್ಯಾಪು ಸರಿಪಡಿಸುವುದು, ಇವೆಲ್ಲ ಬಹುಮಟ್ಟಿಗೆ ಅವನ ಕಣ್ಣು ಕಿವಿಗಳ ಅಂದಾಜು. ಅಂದಾಜು ಒಮ್ಮೊಮ್ಮೆ ತಪ್ಪುತ್ತಿತ್ತು.

ತಪ್ಪಾವುದು, ವಂಚನೆಯಾವುದು? ತೆಗೆದ ಹಳೆಯ ಪಾರ್ಟನ್ನು ಕೈಗಿತ್ತು, “ಸಾಹೇಬರೇ, ದೋಷ ಇದರಲ್ಲಿರಲಿಲ್ಲ, ನಾನೇ ಎಡವಿದೆ” ಎಂದು ಮಜೂರಿ ಬಿಟ್ಟುಕೊಡುವವನು ವಂಚಕನಲ್ಲ. ಅಂಥವನನ್ನು ನಾಲ್ವರೆದುರು ಗದರಿದರೆ ಮುಂದೆ ಆತ ತಪ್ಪನ್ನು ಮುಚ್ಚಿಡಲು ಕಲಿಯುತ್ತಾನೆ. ಬ್ರೇಕಿನ ತಪ್ಪು ಮುಚ್ಚಿಟ್ಟರೆ ಹೋಗುವುದು ನಮ್ಮ ಜೀವ.

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಹಣ ತೆತ್ತು ಪಡೆದ ಸೇವೆಯ ಲೋಪಕ್ಕೂ ಪರಿಹಾರ ಕೇಳುವ ಹಕ್ಕನ್ನಿತ್ತಿತು. 2019ರ ಕಾಯಿದೆ ಈಗ ಅದರ ಸ್ಥಾನದಲ್ಲಿದೆ. ಮೋಸಗಾರನಿಗೆ ಆ ಅಸ್ತ್ರ ಇರಲಿ. ಒಪ್ಪಿಕೊಂಡವನಿಗೆ ಮಾತ್ರ ಸರಿಪಡಿಸುವ ಅವಕಾಶವೇ ನ್ಯಾಯ.

ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಗೆ ವಿದಾಯ ಹೇಳಿದವು. ಇಂದು ದೋಷವನ್ನು ಕಂಪ್ಯೂಟರ್ ತೋರಿಸುತ್ತದೆ. ಆದರೂ ಹಳೆಯ ಪಾರ್ಟು ಕೇಳಿ ನೋಡುವ, ತಪ್ಪೊಪ್ಪಿದವನ ಬಳಿಗೇ ಮರಳುವ ಹಿರಿಯರ ರೂಢಿಯನ್ನು ನಾವು ಕೈಬಿಡಬಾರದು.